ಹತ್ತು ವರ್ಷ ನಾಲ್ಕಾದ ಬಗೆ

ಏಳೆಂಟು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದವನಿಗೆ ಕರ್ನಾಟಕದ ಸೆಷನ್ಸ್ ನ್ಯಾಯಾಲಯವೊಂದು 10 ವರ್ಷ ಕಠಿಣ ಸಜೆ ವಿಧಿಸಿತ್ತು. ಅವನು ಹೈಕೋರ್ಟಿಗೆ ಅಪೀಲು ಹೋದ. ಅವನು ತಪ್ಪಿತಸ್ಥ ಎಂಬ ತೀರ್ಮಾನವನ್ನು ಹೈಕೋರ್ಟ್ ಅಲುಗಾಡಿಸಲಿಲ್ಲ. ಸಜೆಯನ್ನು ಮಾತ್ರ 4 ವರ್ಷಕ್ಕೆ ಇಳಿಸಿತು. ಕೊಟ್ಟ ಕಾರಣಗಳಿವು: ಅವನಿಗೆ 49 ವರ್ಷ, ಓದುಬರಹ ತಿಳಿಯದವನು, ದುರ್ಬಲ ವರ್ಗಕ್ಕೆ ಸೇರಿದವನು, ಕುಡಿತ ಚಟವಾಗಿಬಿಟ್ಟಿದೆ, ಕೃತ್ಯ ನಡೆದಾಗಲೂ ಕುಡಿದೇ ಇದ್ದ, ಮನೆಯಲ್ಲಿ ಮುದಿ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನೆಚ್ಚಿಕೊಂಡಿದ್ದಾರೆ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2000ದಲ್ಲಿ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರಿದ್ದ ಪೀಠ ಈ ಕಾರಣಗಳಲ್ಲಿ ಒಂದನ್ನೂ ಒಪ್ಪದೆ 10 ವರ್ಷವನ್ನು ಮರಳಿ ವಿಧಿಸಿತು.

ಶಿಕ್ಷೆಯ ಪ್ರಮಾಣ ಸಂತ್ರಸ್ತೆಯ ಅಥವಾ ಅಪರಾಧಿಯ ಸಾಮಾಜಿಕ ಸ್ಥಾನಮಾನದ ಮೇಲೆ ನಿಲ್ಲಬಾರದು ಎಂಬ ತತ್ವಕ್ಕಾಗಿ ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಓದುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಹೈಕೋರ್ಟ್ ಕೊಟ್ಟ ಪಟ್ಟಿ. ಅದರಲ್ಲಿರುವುದೆಲ್ಲ ಅವನ ಸಂಗತಿ: ಅವನ ವಯಸ್ಸು, ಅವನ ಬಡತನ, ಅವನ ಚಟ, ಅವನ ತಾಯಿ. ಹುಡುಗಿಗೂ ಒಬ್ಬ ತಾಯಿ ಇರುತ್ತಾಳೆ, ಆ ಕುಟುಂಬವೂ ಊರಲ್ಲಿ ಬಾಳಬೇಕು, ಮಗು ಮತ್ತೆ ಶಾಲೆಯ ಮೆಟ್ಟಿಲು ತುಳಿಯಬೇಕು ಎಂಬ ಯಾವ ಮಾತೂ ಸಜೆಯ ಅಳತೆಗೆ ಬರಲಿಲ್ಲ. ಇನ್ನೊಂದು ಕೊರತೆಯೂ ಇದೆ. ಸೆಷನ್ಸ್ ನ್ಯಾಯಾಧೀಶರು 10 ವರ್ಷ ಎಂದಾಗ ಎಲ್ಲಿ ಎಡವಿದರು ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಎಡವಿದ್ದರೆ ತಾನೇ ಅಪೀಲು?

ಶಿಕ್ಷೆಯ ಅವಧಿಯನ್ನು ಪ್ರಶ್ನಿಸುವ ಹಕ್ಕು ಲೈಂಗಿಕ ಅಪರಾಧಿಗೂ ಇರಲೇಬೇಕು ಎಂದು ನಂಬುವವನು ನಾನು. ಆದರೆ ಆ ಅಪೀಲು ಕೆಳಗಿನ ನ್ಯಾಯಾಲಯ ಹಾಕಿದ ಲೆಕ್ಕವನ್ನು ಪರೀಕ್ಷಿಸುವ ಜಾಗವಾಗಬೇಕು. ನಮ್ಮಲ್ಲಿ ಅದು ದಶಕಗಳ ಕಾಲ ಕನಿಕರಕ್ಕೆ ಸೆರಗೊಡ್ಡುವ ಜಾಗವಾಗಿತ್ತು. ಅದರಿಂದ ರೋಸಿಹೋದ ಸಂಸತ್ತು ಲೆಕ್ಕ ಹಾಕುವ ಕೆಲಸವನ್ನೇ ನ್ಯಾಯಾಧೀಶರ ಕೈಯಿಂದ ಬಹುಪಾಲು ಕಿತ್ತುಕೊಂಡಿತು. ಮೊದಲನೆಯದು ಅನ್ಯಾಯವಾಗಿತ್ತು; ಎರಡನೆಯದು ಅದರ ಮದ್ದಲ್ಲ.

"ಇಂಥವರಿಗೆ ಅಪೀಲೊಂದು ಕೇಡು" ಎಂಬ ಮಾತು ಪ್ರತಿ ದೊಡ್ಡ ಪ್ರಕರಣದ ಬೆನ್ನಿಗೇ ಕೇಳಿಬರುತ್ತದೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದರೊಬ್ಬರಿಗೆ ಜೀವ ಇರುವತನಕ ಸೆರೆವಾಸ ವಿಧಿಸಿ, ಅವರು ಹೈಕೋರ್ಟಿಗೆ ಹೋದಾಗಲೂ ಕೇಳಿಬಂತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಒಬ್ಬ ಮನುಷ್ಯ ತಪ್ಪು ಮಾಡಿದ್ದಾನೆಯೇ ಎಂಬುದು ಒಂದು ಪ್ರಶ್ನೆ, ಮಾಡಿದ್ದರೆ ಎಷ್ಟು ವರ್ಷ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯದಕ್ಕೆ ಪ್ರತ್ಯೇಕ ವಿಚಾರಣೆ ಇರಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 235ನೇ ಕಲಮು ಹೇಳುತ್ತಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 258ನೇ ಕಲಮು ಅದನ್ನೇ ಹೇಳುತ್ತದೆ. ಅಪರಾಧಿಯ ಮಾತು ಕೇಳದೆ ಸಜೆ ವಿಧಿಸುವುದು ಬರೀ ಔಪಚಾರಿಕ ಲೋಪವಲ್ಲ ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿಯಾಗಿದೆ. ಪ್ರಶ್ನೆ ಬೇರೆಯಾದ ಮೇಲೆ ಉತ್ತರವೂ ತಪ್ಪಾಗಬಹುದು. ತಪ್ಪಾದರೆ ತಿದ್ದಲು ಒಂದು ಜಾಗ ಬೇಕು.

ಎಂಥ ತಪ್ಪು? ಛತ್ತೀಸಗಢದ ಒಂದು ಪ್ರಕರಣ ನೋಡಿ. ಐದು ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆದದ್ದು 2019ರ ಮೇ ತಿಂಗಳಲ್ಲಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ಇರುವ ಪೋಕ್ಸೋ ಕಾಯ್ದೆಯ 6ನೇ ಕಲಮಿನ ಶಿಕ್ಷೆಯನ್ನು ಬಿಗಿಗೊಳಿಸಿ, ಜೀವಾವಧಿ ಎಂದರೆ ಉಳಿದ ಆಯುಷ್ಯ ಪೂರ್ತಿ ಎಂದು ಬರೆದ ತಿದ್ದುಪಡಿ ಜಾರಿಗೆ ಬಂದದ್ದು ಅದೇ ವರ್ಷದ ಆಗಸ್ಟ್ 16ರಂದು. ವಿಚಾರಣಾ ನ್ಯಾಯಾಲಯ ಹೊಸ ಅಳತೆಯಲ್ಲಿ ಶಿಕ್ಷೆ ಕೊಟ್ಟಿತು, ಹೈಕೋರ್ಟ್ ಹೌದೆಂದಿತು. ಕೃತ್ಯ ನಡೆದ ದಿನ ಇಲ್ಲದ ಶಿಕ್ಷೆಯನ್ನು ಆಮೇಲೆ ಹೇರುವುದನ್ನು ಸಂವಿಧಾನದ 20ನೇ ವಿಧಿ ಒಪ್ಪುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಪರಾಧ ಸಾಬೀತಾದದ್ದನ್ನು ಎತ್ತಿಹಿಡಿದು, ಶಿಕ್ಷೆಯನ್ನು ಮಾತ್ರ ಹಳೆಯ ಕಾನೂನಿನ ಜೀವಾವಧಿಗೆ ತಂದು ನಿಲ್ಲಿಸಿತು. ಆ ಮನುಷ್ಯನ ಬಗ್ಗೆ ಯಾರಿಗೂ ಅಯ್ಯೋ ಅನಿಸಬೇಕಿಲ್ಲ. ಆದರೆ ಮೂರು ತಿಂಗಳ ಈಚಿನ ಕಾನೂನನ್ನು ಹಿಂದಕ್ಕೆ ಎಳೆಯುವ ರೂಢಿ ಬೆಳೆದರೆ ಅದು ಅವನಲ್ಲಿಗೇ ನಿಲ್ಲುವುದಿಲ್ಲ.

ಬೆಂಗಳೂರಿನದೇ ಇನ್ನೊಂದು. 2005ರ ಡಿಸೆಂಬರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬರ ಅತ್ಯಾಚಾರ ಮತ್ತು ಕೊಲೆ ಇಡೀ ನಗರವನ್ನು ನಡುಗಿಸಿತ್ತು. ಕೆಲಸಕ್ಕೆ ಕರೆದೊಯ್ಯಬೇಕಿದ್ದ ಕ್ಯಾಬಿನ ಚಾಲಕನೇ ಅಪರಾಧಿ. ಸೆಷನ್ಸ್ ನ್ಯಾಯಾಲಯ ಅವನಿಗೆ ಆಯುಷ್ಯ ಮುಗಿಯುವವರೆಗೆ ಜೈಲು ಎಂದು ಬರೆಯಿತು. ಕೊಲೆಗೆ ದಂಡ ಸಂಹಿತೆ ಹೇಳುವುದು ಮರಣದಂಡನೆ ಅಥವಾ ಜೀವಾವಧಿ, ಅಷ್ಟೇ. ಕ್ಷಮಾಪಣೆಯ ಬಾಗಿಲು ಮುಚ್ಚಿದ ವಿಶೇಷ ಅವಧಿಯನ್ನು ವಿಧಿಸುವ ಅಧಿಕಾರ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಉಂಟು, ಸೆಷನ್ಸ್ ನ್ಯಾಯಾಲಯಕ್ಕೆ ಇಲ್ಲ. 2023ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಅದನ್ನು ತಿದ್ದಿ, ಯಾವ ರಿಯಾಯಿತಿಯೂ ಇಲ್ಲದ 30 ವರ್ಷ ಎಂದು ನಿಗದಿ ಮಾಡಿತು. ಇಲ್ಲಿ ಅಪೀಲು ಏನು ಮಾಡಿತೆಂದು ಗಮನಿಸಬೇಕು. ಯಾರು ಎಷ್ಟು ವಿಧಿಸಬಹುದು ಎಂಬ ಎಲ್ಲೆಯನ್ನು ಗುರುತಿಸಿತು, ಕೃತ್ಯದ ಘೋರತೆಯನ್ನು ಎದುರಿಗಿಟ್ಟುಕೊಂಡು ಒಂದು ಸಂಖ್ಯೆಗೆ ಬಂತು, ಆ ಸಂಖ್ಯೆಗೆ ಕಾರಣ ಹೇಳಿತು. ಅವನಿಗೆ ಸಿಕ್ಕ ಲಾಭ ಕಿಂಚಿತ್ತು; ಕಾನೂನು ತನ್ನ ಹಳಿಗೆ ಮರಳಿತು.

ಅಪೀಲಿಗೆ ಹೋದವನ ಕೈಯಲ್ಲಿ ಇನ್ನೂ ಒಂದು ರಕ್ಷಣೆ ಇದೆ, ಅದೂ ಬೇಕಾದದ್ದೇ: ತಾನೇ ಹಾಕಿದ ಅಪೀಲಿನಿಂದ ಅವನ ಪಾಡು ಇನ್ನಷ್ಟು ಕೆಡಬಾರದು. ಮಹಿಳೆಯ ಮಾನಭಂಗಕ್ಕೆ ಸಜೆಯಾಗಿದ್ದ ತಮಿಳುನಾಡಿನ ಒಬ್ಬ ಹೈಕೋರ್ಟಿಗೆ ಹೋದರೆ, ಅಲ್ಲಿ ಸರ್ಕಾರವೂ ಕೇಳದ ಹೊಸ ಅಪರಾಧ ಅವನ ತಲೆಗೆ ಬಂದು ಸಜೆ ಏರಿತ್ತು. 2025ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಅದನ್ನು ರದ್ದು ಮಾಡಿತು. ಅಪೀಲು ಹಾಕಿದರೆ ಇದ್ದದ್ದೂ ಹೋದೀತು ಎಂಬ ಭಯವಿದ್ದರೆ ಜೈಲಿನಲ್ಲಿ ಕೂತವನು ನಿಜವಾದ ತಪ್ಪನ್ನೂ ತೋರಿಸಲಾರ.

ಇಷ್ಟು ಹಕ್ಕಿನ ಪರವಾಗಿ. ಇನ್ನು ಆ ಹಕ್ಕು ನಮ್ಮಲ್ಲಿ ಹೇಗೆ ಬಳಕೆಯಾಯಿತು ಎಂಬುದಕ್ಕೆ ಬರೋಣ.

ಮಥುರಾ ಎಂಬ ಹುಡುಗಿಯ ಅತ್ಯಾಚಾರ ಪ್ರಕರಣದ ತೀರ್ಪಿನ ವಿರುದ್ಧ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ಸಂಸತ್ತು ಅತ್ಯಾಚಾರಕ್ಕೆ ಕನಿಷ್ಠ 7 ವರ್ಷ, ಪೊಲೀಸ್ ವಶದಲ್ಲಿ ನಡೆದದ್ದು, ಸಾಮೂಹಿಕ ಅತ್ಯಾಚಾರ, ಮಕ್ಕಳ ಮೇಲಿನದ್ದಾದರೆ ಕನಿಷ್ಠ 10 ವರ್ಷ ಎಂದು ಗೊತ್ತು ಮಾಡಿತು. ಅದರ ಬಾಲಕ್ಕೆ ಒಂದು ಪರಂತುಕವನ್ನೂ ಕಟ್ಟಿತು: ಸಾಕಷ್ಟು ಮತ್ತು ವಿಶೇಷ ಕಾರಣಗಳಿದ್ದರೆ, ಅವನ್ನು ತೀರ್ಪಿನಲ್ಲಿ ದಾಖಲಿಸಿ, ನ್ಯಾಯಾಲಯ ಅದಕ್ಕಿಂತ ಕಡಿಮೆ ಕೊಡಬಹುದು. ಮುಂದಿನ ಮೂವತ್ತು ವರ್ಷ ಹೈಕೋರ್ಟುಗಳಲ್ಲಿ ಸಜೆಯ ಅಪೀಲುಗಳು ಓಡಾಡಿದ್ದು ಈ ಕಿಂಡಿಯಲ್ಲಿ. ವಕೀಲರು ಮೊದಲು ಸಾಕ್ಷ್ಯದ ಮೇಲೆ ವಾದಿಸುತ್ತಾರೆ. ಪೀಠ ಒಪ್ಪುವ ಲಕ್ಷಣ ಕಾಣದಿದ್ದಾಗ ದನಿ ತಗ್ಗಿಸಿ, "ಖುಲಾಸೆ ಆಗದಿದ್ದರೆ ಸಜೆಯನ್ನಾದರೂ ಕಡಿಮೆ ಮಾಡಬೇಕು ಸ್ವಾಮಿ" ಎನ್ನುತ್ತಾರೆ. ವಯಸ್ಸು ಚಿಕ್ಕದು, ಇದು ಮೊದಲ ಅಪರಾಧ, ಮನೆಗೆ ದುಡಿದು ಹಾಕುವವನು ಇವನೊಬ್ಬನೇ. ತೀರ್ಪು ಹೊರಬಂದಾಗ ಸಾಕ್ಷ್ಯದ ಚರ್ಚೆ ಪುಟಗಟ್ಟಲೆ ಇರುತ್ತದೆ, ಸಜೆಯ ಚರ್ಚೆ ಕೊನೆಯ ಅರ್ಧ ಪುಟದಲ್ಲಿ ಮುಗಿಯುತ್ತದೆ: ಈಗಾಗಲೇ ಅನುಭವಿಸಿದ ಸಜೆಯೇ ಸಾಕು.

'ಈಗಾಗಲೇ ಅನುಭವಿಸಿದ್ದು' ಎಂದರೆ ಎಷ್ಟು? ಕರ್ನಾಟಕದ ಇನ್ನೊಂದು ಪ್ರಕರಣದಲ್ಲಿ ಅದು 46 ದಿನ. ಸಂತ್ರಸ್ತೆ ಗರ್ಭಿಣಿ. ವಿಚಾರಣಾ ನ್ಯಾಯಾಲಯ ಕನಿಷ್ಠಕ್ಕಿಂತ ಕೆಳಗಿಳಿದು 5 ವರ್ಷ ಕೊಟ್ಟಿತ್ತು, ಹೈಕೋರ್ಟ್ ಅದನ್ನೂ ತೆಗೆದು 46 ದಿನಕ್ಕೆ ಮುಗಿಸಿತು. 2003ರಲ್ಲಿ ಸುಪ್ರೀಂ ಕೋರ್ಟ್ 5 ವರ್ಷವನ್ನು ಮರಳಿ ವಿಧಿಸಿತಾದರೂ 7ಕ್ಕೆ ಏರಿಸಲಿಲ್ಲ. ಆ 5 ವರ್ಷ ಸಾಲದೆಂದು ಸರ್ಕಾರ ಮೊದಲೇ ಅಪೀಲು ಹಾಕಿರಲಿಲ್ಲವಲ್ಲ. ಮತ್ತೊಂದು ಪ್ರಕರಣದಲ್ಲಿ, ಹತ್ತು ತುಂಬದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದವನ 7 ವರ್ಷದ ಸಜೆ ಹೈಕೋರ್ಟಿನಲ್ಲಿ ಮೂರೂವರೆಗೆ ಇಳಿಯಿತು. ಅವನಿಗೆ ಹದಿನೆಂಟು, ಓದಿಲ್ಲ, ಇಂಥ ಸಮುದಾಯದವನು ಎಂಬುದು ಕಾರಣ. ಅಲ್ಲೂ ಸರ್ಕಾರ ದೆಹಲಿಗೆ ಹೋಗಬೇಕಾಯಿತು.

ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೆ ಪಾಠ ಹೇಳುವಷ್ಟು ಶುದ್ಧವಾಗಿತ್ತು ಎಂದೇನೂ ಅಲ್ಲ. 1989ರಲ್ಲಿ ಹರಿಯಾಣದ ಇಬ್ಬರು ಪೊಲೀಸರ 10 ವರ್ಷದ ಸಜೆಯನ್ನು ಅದೇ ನ್ಯಾಯಾಲಯ 5ಕ್ಕೆ ಇಳಿಸಿತು. ಸಂತ್ರಸ್ತೆಯ 'ನಡತೆ' ಅದಕ್ಕೆ ಕಾರಣವಾಯಿತು. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ, ನಡತೆ ಎಂದದ್ದು ಆಕೆಯ ಶೀಲದ ಬಗ್ಗೆ ಅಲ್ಲ, ದೂರು ಕೊಡಲು ದಿನಗಳು ಕಳೆದ ಬಗ್ಗೆ ಎಂದು ಸಮಜಾಯಿಷಿ ಬಂತು. ಸಜೆ ಮಾತ್ರ 5 ವರ್ಷವಾಗಿಯೇ ಉಳಿಯಿತು. ಠಾಣೆಯ ಪೊಲೀಸರೇ ಎರಗಿದಾಗ ಹೆಣ್ಣುಮಗಳು ಯಾವ ಠಾಣೆಗೆ ಓಡಬೇಕಿತ್ತೋ ತಿಳಿಯದು. 2011ರಲ್ಲಿ ಪಂಜಾಬಿನ ಸಾಮೂಹಿಕ ಅತ್ಯಾಚಾರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಘಟನೆ ಹಳೆಯದು, ಎರಡೂ ಕಡೆಯವರು ರಾಜಿಯಾಗಿದ್ದಾರೆ, ಎಲ್ಲರಿಗೂ ಮದುವೆಯಾಗಿ ಸಂಸಾರಗಳಿವೆ ಎಂದು ಮೂರೂವರೆ ವರ್ಷಕ್ಕೇ ಬಿಟ್ಟು, ತಲಾ 50,000 ರೂಪಾಯಿ ಕೊಡಲು ಹೇಳಿತು.

ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟುಗಳ ಅತ್ಯಾಚಾರ ತೀರ್ಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ಅಧ್ಯಯನ ಮಾಡಿದ ಕಾನೂನು ಅಧ್ಯಾಪಕ ಮೃಣಾಲ್ ಸತೀಶ್ ತೋರಿಸಿದ್ದು ಇದನ್ನೇ: ಸಂತ್ರಸ್ತೆಗೆ ಮದುವೆಯಾಗಿತ್ತೇ, ಮೊದಲೇ ಲೈಂಗಿಕ ಸಂಬಂಧವಿತ್ತೇ, ಮೈಮೇಲೆ ಗಾಯವಿತ್ತೇ, ಆರೋಪಿ ಪರಿಚಿತನೇ ಎಂಬ ಸಂಗತಿಗಳು ಸಜೆಯ ಅವಧಿಯನ್ನು ಮೇಲೆ ಕೆಳಗೆ ಮಾಡುತ್ತ ಬಂದಿವೆ. ಅಪರಾಧ ಸಾಬೀತಾಗಿದೆಯೇ ಎಂಬ ಹಂತದಲ್ಲಿ ಕೇಳಬಾರದೆಂದು ಕಾನೂನು ಮುಂಬಾಗಿಲಲ್ಲಿ ತಡೆದ ಪ್ರಶ್ನೆಗಳು ಸಜೆಯ ಹಂತದಲ್ಲಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವು.

ಸಜೆ ಇಳಿಸಲು ಕೊಟ್ಟ ಕಾರಣಗಳಲ್ಲಿ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚುವುದು ಬಡತನ. ರಾಜಿ, ನಡತೆ, ಮದುವೆಯ ಪ್ರಸ್ತಾಪ ಇವನ್ನು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಜೈಲುಗಳಲ್ಲಿ ತುಂಬಿರುವವರು ಬಡವರು, ದಲಿತರು, ಓದು ಬಾರದವರು. ಕೈಯಲ್ಲಿ ಕಾಸಿದ್ದವನ ಪರ ಹಿರಿಯ ವಕೀಲರು ನಿಲ್ಲುತ್ತಾರೆ. ಇಲ್ಲದವನು ಜೈಲು ಅಧಿಕಾರಿಯ ಕೈಗೆ ಅರ್ಜಿ ಕೊಟ್ಟು, ಕಾನೂನು ಸೇವಾ ಸಮಿತಿ ನೇಮಿಸುವ ವಕೀಲರಿಗಾಗಿ ಕಾಯುತ್ತಾನೆ. ಅಂಥವನಿಗೆ ನ್ಯಾಯಮೂರ್ತಿಯೊಬ್ಬರು ಮರುಗಿದರೆ ತಪ್ಪೇನು ಎಂದು ಯಾರಾದರೂ ಕೇಳಿದರೆ ಅದು ಪೊಳ್ಳು ಪ್ರಶ್ನೆಯಲ್ಲ. ನಾನು ಕಂಡುಕೊಂಡ ಉತ್ತರ ಇದು: ಬಡತನದ ಲೆಕ್ಕ ಹಿಡಿಯಬೇಕಾದದ್ದು ಅವನಿಗೆ ಒಳ್ಳೆಯ ವಕೀಲ ಸಿಕ್ಕನೇ, ಪಾಟೀಸವಾಲು ಸರಿಯಾಗಿ ನಡೆಯಿತೇ, ದಂಡ ಕಟ್ಟಲಾಗದೆ ಹೆಚ್ಚುವರಿ ತಿಂಗಳುಗಳು ಜೈಲಲ್ಲಿ ಕಳೆಯಬೇಕಾಗಿದೆಯೇ ಎಂಬಲ್ಲಿ. ಅಲ್ಲೆಲ್ಲ ಅದು ನಿಜವಾದ ಅನ್ಯಾಯ ಮಾಡುತ್ತದೆ, ಅಲ್ಲಿ ನಮ್ಮ ಅಪೀಲು ನ್ಯಾಯಾಲಯಗಳು ಕಣ್ಣು ತೆರೆಯುವುದು ಅಪರೂಪ. ಮಗುವಿಗೆ ಆದ ಹಾನಿ ಎಷ್ಟು ಎಂದು ಅಳೆಯುವಾಗ ಮಾತ್ರ ಹಾನಿ ಮಾಡಿದವನ ಬಡತನವನ್ನು ತಕ್ಕಡಿಗೆ ಹಾಕಿದರೆ, ಆ ರಿಯಾಯಿತಿಯ ಬೆಲೆ ತೆರುವವಳು ಬಹುತೇಕ ಅದೇ ಕೇರಿಯ ಇನ್ನೊಂದು ಬಡವರ ಮನೆಯ ಹೆಣ್ಣುಮಗಳು. ಬಡವರ ಮೇಲಿನ ಈ ಕರುಣೆ ಬಡ ಹೆಂಗಸಿನ ತನಕ ತಲುಪುವುದೇ ಇಲ್ಲ. 'ಹಳ್ಳಿಯವನು, ಒರಟ, ತಿಳಿವಳಿಕೆ ಇಲ್ಲ' ಎನ್ನುವ ಮಾತಿನಲ್ಲಿ ಮೇಲಿನಿಂದ ನೋಡುವ ಒಂದು ತಾತ್ಸಾರವೂ ಇದೆ: ಇವರಿಂದ ಇನ್ನೇನು ನಿರೀಕ್ಷಿಸಲು ಸಾಧ್ಯ ಎಂಬಂತೆ.

2013ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ಬಾಬ್ತುಗಳನ್ನು ಒಂದೇ ಕಡೆ ಸೇರಿಸಿ ಬಾಗಿಲು ಹಾಕಿತು. ಧರ್ಮ, ಜಾತಿ, ಆರ್ಥಿಕ ಸ್ಥಿತಿ, ರಾಜಿ, ಮದುವೆಯಾಗುವೆನೆಂಬ ಮಾತು, ಮದುವೆಯಾಗಿ ನೆಲೆಗೊಂಡಿದ್ದಾರೆ ಎಂಬ ಸಬೂಬು, ವಿಚಾರಣೆ ಎಳೆದಾಡಿದ್ದು — ಇವು ಯಾವುವೂ ವಿಶೇಷ ಕಾರಣ ಅಲ್ಲ. ಒಳ್ಳೆಯ ತೀರ್ಪು. ಬಂದದ್ದು ತಡವಾಗಿ. ದೆಹಲಿಯ 2012ರ ಡಿಸೆಂಬರ್ ಘಟನೆಯ ನಂತರದ ತಿದ್ದುಪಡಿಯಲ್ಲಿ ಸಂಸತ್ತು ಅಷ್ಟರಲ್ಲೇ ಆ ಪರಂತುಕವನ್ನೇ ಕಿತ್ತುಹಾಕಿತ್ತು. ಸಾಮೂಹಿಕ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷವಾಯಿತು. ಕಠುವಾ, ಉನ್ನಾವ್ ಪ್ರಕರಣಗಳ ಬಳಿಕ 2018ರಲ್ಲಿ 7 ಇದ್ದದ್ದು 10 ಆಯಿತು, ಹದಿನಾರರೊಳಗಿನ ಹುಡುಗಿಯಾದರೆ 20, ಹನ್ನೆರಡರೊಳಗಾದರೆ ಮರಣದಂಡನೆಯವರೆಗೆ. 2019ರಲ್ಲಿ ಪೋಕ್ಸೋ 6ನೇ ಕಲಮಿನ ಕನಿಷ್ಠ 10 ಇದ್ದದ್ದು 20 ಆಯಿತು. ಭಾರತೀಯ ನ್ಯಾಯ ಸಂಹಿತೆ ಬಂದಾಗ ಕಲಮುಗಳ ಸಂಖ್ಯೆ ಬದಲಾಯಿತು, ಈ ಏಣಿ ಹಾಗೇ ಉಳಿಯಿತು.

46 ದಿನದ ತೀರ್ಪು ಇನ್ನು ಸಾಧ್ಯವಿಲ್ಲ. ಅದು ನೆಮ್ಮದಿಯ ವಿಷಯ. ಆದರೆ ಕನಿಷ್ಠ ಶಿಕ್ಷೆ ಏರಿದಂತೆ ಅಪೀಲಿನ ಸ್ವರೂಪವೇ ಬದಲಾಗುತ್ತದೆ. 20 ವರ್ಷಕ್ಕಿಂತ ಕೆಳಗೆ ಜಾಗವಿಲ್ಲ ಎಂದಾದಾಗ ಅಪರಾಧಿಯ ವಕೀಲರಿಗೆ ಸಜೆಯ ಬಗ್ಗೆ ವಾದಿಸಲು ಏನೂ ಉಳಿಯುವುದಿಲ್ಲ, ಎಲ್ಲ ಬಲವೂ ಖುಲಾಸೆಯ ಕಡೆಗೆ ಹರಿಯುತ್ತದೆ. ಎದುರಿಗೆ ಕೂತವರಿಗೂ ಇರುವುದು ಎರಡೇ ದಾರಿ: 20 ವರ್ಷ ಅಥವಾ ಬಿಡುಗಡೆ. ಈ ಪ್ರಕರಣಕ್ಕೆ 20 ಅತಿಯಾಯಿತು ಎಂದು ಒಳಗೊಳಗೇ ಅನಿಸಿದ ನ್ಯಾಯಮೂರ್ತಿ ಏನು ಮಾಡಬಹುದು? ಸಾಕ್ಷ್ಯದಲ್ಲಿ ಒಂದು ಅನುಮಾನದ ಎಳೆ ಹುಡುಕಬಹುದು. ಹುಡುಗಿಯ ವಯಸ್ಸಿನ ದಾಖಲೆ ಸಾಲದು ಎನ್ನಬಹುದು. ಕೃತ್ಯವನ್ನು ಚಿಕ್ಕ ಕಲಮಿಗೆ ತಂದು ಕೂರಿಸಬಹುದು. ಹಿಂದೆ ಸಜೆಯ ಭಾಗದಲ್ಲಿ ಬಹಿರಂಗವಾಗಿ ಬರೆಯುತ್ತಿದ್ದ ಕಾರಣ ಈಗ ಸಾಕ್ಷ್ಯದ ಚರ್ಚೆಯೊಳಗೆ ವೇಷ ಬದಲಿಸಿ ಕೂರುವ ಅಪಾಯವಿದೆ. ಬಹಿರಂಗವಾಗಿ ಬರೆದ ಕೆಟ್ಟ ಕಾರಣವನ್ನು ಮೇಲಿನ ನ್ಯಾಯಾಲಯ ಹಿಡಿದು ತಿದ್ದಬಲ್ಲದು. ಅಡಗಿ ಕೂತದ್ದನ್ನು ಹಿಡಿಯುವವರಾರು?

ಇದರ ಬಿಸಿ ಹೆಚ್ಚು ತಟ್ಟುವುದು ಹದಿಹರೆಯದವರ ಪ್ರಕರಣಗಳಲ್ಲಿ. ಹದಿನೇಳರ ಹುಡುಗಿ, ಇಪ್ಪತ್ತರ ಹುಡುಗ ಒಟ್ಟಿಗೆ ಓಡಿಹೋಗಿ ಸಂಸಾರ ಹೂಡಿ, ಆಕೆ ಗರ್ಭಿಣಿಯಾದರೆ ಪೋಕ್ಸೋ ಅದನ್ನು ಉಗ್ರ ಸ್ವರೂಪದ ಅಪರಾಧ ಎನ್ನುತ್ತದೆ. ಕನಿಷ್ಠ 20 ವರ್ಷ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದ ಅಪೀಲೊಂದರಲ್ಲಿ ಅಂಥ ಜೋಡಿ ಮದುವೆಯಾಗಿ ಮಕ್ಕಳೊಂದಿಗೆ ಬಾಳುತ್ತಿತ್ತು. ಖುಲಾಸೆಯನ್ನು ಎತ್ತಿಹಿಡಿದ ಪೀಠ, ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿತು. ಮರುವರ್ಷ ಆಯೋಗ ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರ ನಡುವಿನ ಇಂಥ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ಮಾರ್ಗದರ್ಶನವಿರುವ ವಿವೇಚನೆ ಇರಲಿ ಎಂದಿತು. ವಯಸ್ಸಿನ ಬಗ್ಗೆ ಆಯೋಗ ಹೇಳಿದ್ದನ್ನು ಪತ್ರಿಕೆಗಳು ಚರ್ಚಿಸಿದವು. ಶಿಕ್ಷೆಯ ಬಗ್ಗೆ ಹೇಳಿದ್ದನ್ನು ಹೆಚ್ಚು ಜನ ಗಮನಿಸಲಿಲ್ಲ, ನನಗೆ ಅದೇ ಮುಖ್ಯವೆನಿಸುತ್ತದೆ.

ಪಶ್ಚಿಮ ಬಂಗಾಳದ ಅಂಥ ಒಂದು ಪ್ರಕರಣದಲ್ಲಿ ಕನಿಷ್ಠ ಶಿಕ್ಷೆಯ ಈ ಕಟ್ಟು ಹರಿಯುವ ಹಂತಕ್ಕೇ ಹೋಯಿತು. ವಿಚಾರಣಾ ನ್ಯಾಯಾಲಯ 20 ವರ್ಷ ಕೊಟ್ಟಿತ್ತು. ಕಲ್ಕತ್ತ ಹೈಕೋರ್ಟ್ ಹುಡುಗಿಯರಿಗೆ ನೀತಿಪಾಠ ಹೇಳುತ್ತ ಖುಲಾಸೆ ಮಾಡಿತು. 2024ರಲ್ಲಿ ಸುಪ್ರೀಂ ಕೋರ್ಟ್ ಆ ನೀತಿಪಾಠವನ್ನು ಖಂಡಿಸಿ ಅಪರಾಧಿ ಎಂಬ ತೀರ್ಮಾನವನ್ನು ಮರುಸ್ಥಾಪಿಸಿತು. ಆದರೆ ಹುಡುಗಿಯ ಸ್ಥಿತಿಗತಿ ಅರಿಯಲು ತಜ್ಞರ ಸಮಿತಿ ನೇಮಿಸಿ, ಅದರ ವರದಿ ಓದಿದ ಮೇಲೆ, 2025ರ ಮೇ ತಿಂಗಳಲ್ಲಿ ಸಂವಿಧಾನದ 142ನೇ ವಿಧಿಯ ಅಸಾಧಾರಣ ಅಧಿಕಾರ ಬಳಸಿ ಅವನನ್ನು ಜೈಲಿಗೆ ಕಳಿಸದೆ ಬಿಟ್ಟಿತು. ಆಕೆಯನ್ನು ಹೆಚ್ಚು ನೋಯಿಸಿದ್ದು ಆ ಸಂಬಂಧಕ್ಕಿಂತ ಪೊಲೀಸು, ಕೋರ್ಟು, ತವರಿನ ತಿರಸ್ಕಾರ ಎಂಬುದು ಪೀಠಕ್ಕೆ ಮನವರಿಕೆಯಾಗಿತ್ತು. ಆ ಪೀಠದಲ್ಲಿದ್ದವರೂ ಅಭಯ್ ಓಕಾ ಅವರೇ, ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಕ್ಯಾಬ್ ಚಾಲಕನಿಗೆ ರಿಯಾಯಿತಿಯಿಲ್ಲದ 30 ವರ್ಷ ಬರೆದವರು. ಎರಡರಲ್ಲೂ ಸಂಖ್ಯೆಗೆ ಮುಂಚೆ ಕಾರಣ ಬಂತು. ಆದರೆ 142ನೇ ವಿಧಿ ಇರುವುದು ಸುಪ್ರೀಂ ಕೋರ್ಟಿನ ಕೈಯಲ್ಲಿ ಮಾತ್ರ. ರಾಯಚೂರಿನ ಸೆಷನ್ಸ್ ನ್ಯಾಯಾಧೀಶರ ಬಳಿಯಾಗಲಿ, ಕಲಬುರಗಿ ಪೀಠದ ಬಳಿಯಾಗಲಿ ಅದಿಲ್ಲ. ಎಷ್ಟು ಜನ ದೆಹಲಿಯವರೆಗೆ ಹೋಗಬಲ್ಲರು?

ಈ ಎಲ್ಲ ವಾದಗಳಲ್ಲಿ ಮಾತಾಡಲು ಜಾಗವೇ ಇಲ್ಲದವಳು ಒಬ್ಬಳಿದ್ದಾಳೆ. ಸಜೆ ಹೆಚ್ಚಾಯಿತೆಂದು ಅಪರಾಧಿ ಅಪೀಲು ಹಾಕಬಹುದು. ಕಡಿಮೆಯಾಯಿತೆಂದು ಸರ್ಕಾರ ಹಾಕಬಹುದು. ಸಂತ್ರಸ್ತೆ ಹಾಕುವಂತಿಲ್ಲ. 2009ರ ಕೊನೆಯಿಂದ ಸಂತ್ರಸ್ತರಿಗೆ ಮೂರು ಸಂದರ್ಭಗಳಲ್ಲಿ ಅಪೀಲಿನ ಹಕ್ಕು ಸಿಕ್ಕಿದೆ: ಆರೋಪಿ ಖುಲಾಸೆಯಾದರೆ, ಚಿಕ್ಕ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಪರಿಹಾರ ಸಾಲದಿದ್ದರೆ. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ಖುಲಾಸೆಯ ವಿರುದ್ಧ ಹೋಗುವ ಸಂತ್ರಸ್ತರು ಮೊದಲು ಅನುಮತಿ ಬೇಡಬೇಕಿಲ್ಲ ಎಂದು ಆ ದಾರಿಯನ್ನು ಅಗಲ ಮಾಡಿತು. ಆದರೆ 2020ರಲ್ಲಿ, ಮಗನನ್ನು ಕಳೆದುಕೊಂಡ ದೆಹಲಿಯ ತಂದೆಯೊಬ್ಬರ ಅರ್ಜಿಯಲ್ಲಿ, ಸಜೆ ಸಾಲದು ಎಂಬ ಅಪೀಲು ಆ ಮೂರರಲ್ಲಿ ಇಲ್ಲ ಎಂದು ಬಾಗಿಲು ಮುಚ್ಚಿತು. ಕಾನೂನಿನ ಅಕ್ಷರ ನೋಡಿದರೆ ಆ ತೀರ್ಪು ಸರಿ. ತಪ್ಪಿರುವುದು ಅಕ್ಷರದಲ್ಲೇ. ಹೊಸ ಸಂಹಿತೆ ಬರೆಯುವಾಗ ತಿದ್ದಲು ಅವಕಾಶವಿತ್ತು. 413ನೇ ಕಲಮಿನಲ್ಲಿ ಅದೇ ಮೂರು ಸಂದರ್ಭಗಳನ್ನು ನಕಲು ಮಾಡಲಾಯಿತು.

ಸರ್ಕಾರ ಇದೆಯಲ್ಲ, ಆಕೆಯ ಪರವಾಗಿ ಅದೇ ಹೋಗುತ್ತದಲ್ಲ ಎನ್ನುವವರು 46 ದಿನಕ್ಕಿಳಿದ ಆ 5 ವರ್ಷದ ಪ್ರಕರಣವನ್ನು ನೆನೆಯಲಿ. ಅಭಿಯೋಜಕರ ಅಭಿಪ್ರಾಯ, ಇಲಾಖೆಯ ಕಡತ, ಸರ್ಕಾರದ ಆದೇಶ ಎಂದು ಸುತ್ತು ಹಾಕಿ ಬರುವ ಹೊತ್ತಿಗೆ ಯಾರಿಗೂ ಆಸಕ್ತಿ ಉಳಿದಿರುವುದಿಲ್ಲ. ಶಿಕ್ಷೆಯಾಯಿತು ಎಂದಾದರೆ ಇಲಾಖೆಯ ಲೆಕ್ಕದಲ್ಲಿ ಆ ಪ್ರಕರಣ ಗೆದ್ದಂತೆಯೇ. ಸಂತ್ರಸ್ತರ ಕೈಗೆ ಈ ಹಕ್ಕು ಕೊಟ್ಟರೆ ನ್ಯಾಯಾಲಯ ಸೇಡಿನ ಅಖಾಡವಾಗುತ್ತದೆ ಎಂಬ ಆಕ್ಷೇಪವೂ ಇದೆ. ಅದು ನನಗೆ ಒಪ್ಪಿಗೆಯಾಗದು. ಆಕೆ ಕೇಳಿದಷ್ಟು ಕೊಡಬೇಕೆಂದು ಯಾರೂ ಹೇಳುತ್ತಿಲ್ಲ. ಅಪರಾಧಿ ಕೇಳಿದಷ್ಟು ಇಳಿಸುವುದೂ ಇಲ್ಲವಲ್ಲ. ಬಂಗಾಳದ ಆ ಹುಡುಗಿಯ ಮಾತು ಕೇಳಿದ್ದರಿಂದ ಸಜೆ ತಪ್ಪಿತು ಎಂಬುದನ್ನೂ ಮರೆಯಬಾರದು. ಸಂತ್ರಸ್ತೆಯ ಮಾತು ಯಾವಾಗಲೂ 'ಇನ್ನೂ ಹೆಚ್ಚು' ಎಂದೇ ಇರುತ್ತದೆ ಎನ್ನುವುದು ನಮ್ಮ ಊಹೆ.

ತಡದ ಬಗ್ಗೆಯೂ ಒಂದು ಮಾತು ಹೇಳಬೇಕು. ವಿಳಂಬವೇ ರಿಯಾಯಿತಿಗೆ ಕಾರಣವಾಗದು ಎಂದು 2013ರ ಆ ತೀರ್ಪು ಹೇಳಿದ್ದು ಸಾಮಾನ್ಯವಾಗಿ ಸರಿ. ಆದರೆ ವಿಳಂಬದಲ್ಲಿ ಎರಡು ಬಗೆ ಇವೆ. ಸಜೆ ಅಮಾನತಾಗಿ ಹೊರಗಿದ್ದು, ಹತ್ತು ವರ್ಷ ಮನೆಯಲ್ಲೇ ಕಳೆದು, ಈಗ ಸಂಸಾರ ಬೆಳೆದಿದೆ ಸ್ವಾಮಿ ಎನ್ನುವವನಿಗೆ ವಿಳಂಬ ಲಾಭ ತಂದಿದೆ. ಅಮಾನತು ಸಿಗದೆ ಒಳಗಿದ್ದವನ ಅಪೀಲು ಪಟ್ಟಿಗೆ ಬರುವ ಹೊತ್ತಿಗೆ ಅವನು ಸಜೆಯ ಬಹುಭಾಗ ಮುಗಿಸಿರುತ್ತಾನೆ. ಅವನ ಹಕ್ಕು ಕಾಗದದಲ್ಲಿ ಉಳಿಯುತ್ತದೆ. ಇಬ್ಬರಿಗೂ ಒಂದೇ ಸೂತ್ರ ಹಚ್ಚುವುದು ಸರಿಯಲ್ಲ. ಮೊದಲನೆಯವನಿಗೆ ಒಂದು ದಿನವೂ ಕಡಿಮೆಯಾಗಬಾರದು. ಎರಡನೆಯವನ ಅಪೀಲು ಮೊದಲು ವಿಚಾರಣೆಗೆ ಬರಬೇಕು.

ಲೆಕ್ಕ ಹಾಕುವ ಕೆಲಸ ನ್ಯಾಯಾಧೀಶರಿಗೆ ಮರಳಬೇಕಾದರೆ ಲೆಕ್ಕದ ಸೂತ್ರವೂ ಜೊತೆಗೆ ಬೇಕು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠ ಅವರ ಸಮಿತಿ 2003ರಲ್ಲೇ ಶಿಕ್ಷೆಯ ಮಾರ್ಗಸೂಚಿ ರೂಪಿಸಲು ಶಾಸನಬದ್ಧ ಸಮಿತಿ ಬೇಕೆಂದಿತ್ತು. ಆ ವರದಿಯ ಬೇರೆ ಶಿಫಾರಸುಗಳ ಬಗ್ಗೆ, ವಿಶೇಷವಾಗಿ ಆರೋಪಿಯ ಹಕ್ಕುಗಳ ಕುರಿತ ಧೋರಣೆಯ ಬಗ್ಗೆ ನನಗೆ ತಕರಾರುಗಳಿವೆ, ಆದರೆ ಇದೊಂದು ಮಾತು ಪಕ್ಕಾ. 2024ರಲ್ಲಿ ಬಿಹಾರದ ಪೋಕ್ಸೋ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸಮಗ್ರ ಶಿಕ್ಷಾ ನೀತಿಯನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಹೇಳಿತು. ಇಂಗ್ಲೆಂಡಿನಲ್ಲಿ ಅತ್ಯಾಚಾರಕ್ಕೆ ಹಾನಿ ಎಷ್ಟು, ಅಪರಾಧಿಯ ಹೊಣೆ ಎಷ್ಟು ಎಂದು ಬಿಡಿಸಿ ಅಳೆಯುವ ಲಿಖಿತ ಮಾರ್ಗಸೂಚಿ ಇದೆ. ಸಜೆ ತೀರಾ ಕಡಿಮೆಯಾಯಿತು ಎನಿಸಿದರೆ ಯಾರು ಬೇಕಾದರೂ 28 ದಿನದೊಳಗೆ ಅಟಾರ್ನಿ ಜನರಲ್ ಅವರ ಗಮನಕ್ಕೆ ತರಬಹುದು. ಅದನ್ನೇ ಇಲ್ಲಿಗೆ ಎತ್ತಿ ತರಬೇಕಿಲ್ಲ. ಕೃತ್ಯದ ಕ್ರೌರ್ಯ, ನಂಬಿಕೆಗೆ ಬಗೆದ ದ್ರೋಹ, ಇಬ್ಬರ ವಯಸ್ಸಿನ ಅಂತರ, ಸಂತ್ರಸ್ತೆಗಾದ ಹಾನಿ, ಅಪರಾಧಿ ಬದಲಾಗುವ ಸಾಧ್ಯತೆ ಇವಕ್ಕೆ ತೂಕ ಎಷ್ಟು ಎಂದು ನಾವೇ ಬರೆದುಕೊಂಡರೆ ಸಾಕು. 2013ರ ತೀರ್ಪು ಬೇಡವೆಂದ ಕಾರಣಗಳಿಗೆ ಅದರಲ್ಲಿ ಜಾಗ ಇರಕೂಡದು.

ಬದಲಾಗುವ ಸಾಧ್ಯತೆ ಎಂದೆ. ಅದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಸಜೆಯ ಅಪೀಲಿನಲ್ಲಿ ಒಂದು ಅನುಕೂಲ ಉಂಟು. ಅಪರಾಧಿ ಅಷ್ಟರಲ್ಲಿ ಹಿಂಡಲಗಾದಲ್ಲೋ ಪರಪ್ಪನ ಅಗ್ರಹಾರದಲ್ಲೋ ವರ್ಷಗಳನ್ನು ಕಳೆದಿರುತ್ತಾನೆ. ಅವನು ಅಲ್ಲಿ ಹೇಗಿದ್ದ, ಏನು ಕಲಿತ, ಮಾಡಿದ್ದನ್ನು ಒಪ್ಪಿಕೊಳ್ಳುತ್ತಾನೋ ಇನ್ನೂ ಹುಡುಗಿಯನ್ನೇ ದೂರುತ್ತಾನೋ ಎಂಬುದನ್ನು ತಿಳಿಯಲು ಸಾಧ್ಯ. ಮರಣದಂಡನೆಯ ಪ್ರಕರಣಗಳಲ್ಲಿ ಜೈಲಿನ ನಡವಳಿಕೆಯ ವರದಿ, ಮನೋವೈದ್ಯರ ವರದಿ ತರಿಸಿಕೊಳ್ಳಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿಯಮ ಮಾಡಿದೆ. ಹತ್ತು, ಇಪ್ಪತ್ತು ವರ್ಷದ ಸಜೆಗಳಿಗೆ ಅಂಥ ನಿಯಮವಿಲ್ಲ. 'ಇದು ಮೊದಲ ಅಪರಾಧ, ವಯಸ್ಸು ಚಿಕ್ಕದು' ಎಂಬ ಮಾತು ವಕೀಲರ ಬಾಯಿಂದ ಬರುತ್ತದೆ, ಪೀಠ ಒಪ್ಪುತ್ತದೆ ಅಥವಾ ಬಿಡುತ್ತದೆ. ಸಜೆಯ ಪ್ರತಿ ಅಪೀಲಿನ ಕಡತದಲ್ಲೂ ಎರಡು ಕಾಗದ ಇರಲೇಬೇಕೆಂದು ಹೈಕೋರ್ಟ್ ತನ್ನ ನಿಯಮಗಳಲ್ಲೇ ಸೇರಿಸಬಹುದು: ಜೈಲು ಸೂಪರಿಂಟೆಂಡೆಂಟರ ವರದಿ ಒಂದು, ಸಂತ್ರಸ್ತೆ ಕೊಡಲು ಒಪ್ಪಿದರೆ ಆಕೆಯ ಹೇಳಿಕೆ ಇನ್ನೊಂದು. ಇದಕ್ಕೆ ಸಂಸತ್ತಿನ ದಾರಿ ಕಾಯಬೇಕಿಲ್ಲ.